ಬಟಾಣಿಯ ಬಲಗೈ

ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷ ಕರಡು ತಿದ್ದಿದ ಹೆಂಗಸು, ನಿವೃತ್ತಳಾದ ಮಾತ್ರಕ್ಕೆ ತಪ್ಪು ಹುಡುಕುವುದನ್ನು ಬಿಡುತ್ತಾಳೆಯೇ? ಔಷಧದ ಚೀಟಿ, ಬಸ್ಸಿನ ಬೆನ್ನಿನ ಜಾಹೀರಾತು, ಬಿಸ್ಕತ್ತಿನ ಪೊಟ್ಟಣ, ಯಾವುದೂ ಅಜ್ಜಿಯ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಬೀದಿಯವರು ಅವಳನ್ನು ಕರಡಜ್ಜಿ ಎನ್ನುತ್ತಿದ್ದರು. ಆರು ವರ್ಷದ ಮೊಮ್ಮಗಳ ಕಿವಿಗೆ ಅದು 'ಕರಡಿ ಅಜ್ಜಿ' ಎಂದು ಕೇಳಿಸಿ, ಮನೆಯಲ್ಲಿ ಅದೇ ಹೆಸರು ನಿಂತಿತು. ಸೊಸೆಗೆ ಹಾಗೆ ಕರೆಯುವ ಧೈರ್ಯವಿರಲಿಲ್ಲ. ಮಗು ಕರೆದಾಗ ನಗದೆ ಇರುವ ಶಕ್ತಿಯೂ ಇರಲಿಲ್ಲ.

ಮನೆ ಇದ್ದದ್ದು ಮಗನ ಅಂಗಡಿಯ ಮೇಲೆ. ಕೆಳಗೆ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅವನ ಕೆಲಸ. ಮೇಲೆ ಮೂರು ಕೋಣೆ. ಮೆಟ್ಟಿಲಿಗೆಲ್ಲ ಅಂಟಿನ ವಾಸನೆ, ಅಡುಗೆಮನೆಯ ಡಬ್ಬಿಗಳ ಹಿಂದೆಯೂ ಸ್ಪಂಜಿನ ಪುಡಿ. ಸೊಸೆ ಎರಡು ಬೀದಿಯಾಚೆಯ ಚಿಕಿತ್ಸಾಲಯದಲ್ಲಿ ನರ್ಸು. ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಉದ್ಯೋಗ. ಬೆಳಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರಕ್ಕೆ ಬರುವಳು. ಹಾಗಾಗಿ ಮೊಮ್ಮಗಳನ್ನು ಶಾಲೆಯಿಂದ ಕರೆತಂದು, ಹಾಲು ಕೊಟ್ಟು, ಪಾಠ ಬರೆಸುವುದು ಅಜ್ಜಿಯ ಪಾಲಿಗೆ ಬಂದಿತ್ತು. ಮೊಮ್ಮಗಳು ಗುಂಡಗೆ, ಗಿಡ್ಡಗೆ, ಎಲ್ಲಿ ಕೂರಿಸಿದರೂ ಅಲ್ಲಿಂದ ಉರುಳಿಕೊಂಡು ಹೋಗುವಂಥವಳು. ಹುಟ್ಟಿದ ವಾರದಲ್ಲೇ ಅವಳಪ್ಪ ಅವಳಿಗೆ ಬಟಾಣಿ ಎಂದು ಹೆಸರಿಟ್ಟಿದ್ದ.

ಬಟಾಣಿ ಒಂದನೇ ತರಗತಿಗೆ ಸೇರಿ ಮೂರು ತಿಂಗಳಾಗಿತ್ತು. ಒಂದು ಸಂಜೆ ಅಜ್ಜಿ ಅವಳ ಕಾಪಿ ಪುಸ್ತಕ ತೆರೆದು ಕನ್ನಡಕ ಸರಿಮಾಡಿಕೊಂಡಳು. 'ಸ'ದ ಕೊಕ್ಕೆ ಎಡಕ್ಕೆ ತಿರುಗಿತ್ತು. 'ನ' ಕನ್ನಡಿಯೊಳಗಿನಿಂದ ಎದ್ದು ಬಂದಂತಿತ್ತು. ಕೆಳಗಿನ ಸಾಲಿನಲ್ಲಿ ಮೂರರ ಅಂಕಿ ಎರಡು ಸಲ ನೆಟ್ಟಗಿದ್ದು, ಇನ್ನೊಂದು ಸಲ ಮಗುಚಿಕೊಂಡಿತ್ತು.

"ಏನೇ ಇದು?"

"ಸ."

"ಸ ಹೀಗಿರುತ್ತಾ? ಬೆನ್ನು ತಿರುಗಿಸಿಕೊಂಡು ಕೂತಿದೆಯಲ್ಲ."

ಬಟಾಣಿ ಪುಸ್ತಕದ ಮೇಲೆ ಬಗ್ಗಿ ನೋಡಿದಳು. "ಯಾಕೆ, ಅದಕ್ಕೆ ಸಿಟ್ಟು ಬಂದಿದ್ಯಾ?"

ಅಜ್ಜಿಗೆ ನಗು ಬರಲಿಲ್ಲ. ಬೇರೆಯವರ ಮೊಮ್ಮಗಳಾಗಿದ್ದರೆ ಬರುತ್ತಿತ್ತೇನೋ.

ರಾತ್ರಿಯ ಊಟಕ್ಕೆ ಕೂತಾಗ ಅವಳು ಪುಸ್ತಕವನ್ನು ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟಳು. "ನೋಡಿ ಇಬ್ಬರೂ. ಅರ್ಧಕ್ಕರ್ಧ ತಿರುಗುಮುರುಗು."

ಸೊಸೆ ಪುಟ ಮಗುಚಿ ನೋಡಿದಳು. "ಚಿಕ್ಕವಳಲ್ವಾ ಅತ್ತೆ. ಸರಿಹೋಗುತ್ತೆ."

"ತಾನಾಗೇ ಸರಿಹೋಗೋದು ನೆಗಡಿ ಮಾತ್ರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಬಗ್ಗಿಸೋಕೆ ಹೋಗಿ ಮುರೀಬಾರದಲ್ಲ."

"ನಾನೇನು ಮುರಿಯೋಳಾ?" ಅಜ್ಜಿ ಮಗನತ್ತ ತಿರುಗಿದಳು. "ನೀನಾದರೂ ಹೇಳೋ."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ತರಕಾರಿ ಇನ್ನೂ ಇದ್ಯಾ?" ಎಂದ. ಅವನು ಯಾವಾಗಲೂ ಹಾಗೇ. ಮನೆಯಲ್ಲಿ ಓದುಬರಹದ ಮಾತು ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮಾರನೆಯ ಸಂಜೆಯಿಂದಲೇ ಅಜ್ಜಿಯ ಪಾಠ ಶುರುವಾಯಿತು. ಹಾಲು ಕುಡಿದ ಕೂಡಲೇ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ, ಎದುರಿಗೆ ಅಜ್ಜಿ, ಅಜ್ಜಿಯ ಕೈಯಲ್ಲಿ ಕೆಂಪು ಪೆನ್ನು. ಒಂದೊಂದು ಅಕ್ಷರ ಐವತ್ತು ಸಲ. ತಿರುಗಿದ್ದಕ್ಕೆ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಸರಿಯಾದದ್ದು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿಯೇ ಕಲಿಸುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಆದರೆ ಐವತ್ತರಲ್ಲಿ ಹತ್ತು ತಿರುಗಿದರೆ ಆ ಹತ್ತನ್ನೇ ಎಣಿಸುತ್ತಿದ್ದಳು. ನಲವತ್ತರ ಸುದ್ದಿ ಎತ್ತುತ್ತಿರಲಿಲ್ಲ.

ಮೊದಲ ವಾರ ಬಟಾಣಿ ನಾಲಿಗೆ ಹೊರಚಾಚಿ ಬರೆದಳು. ಎರಡನೆಯ ವಾರ ಹಾಲಿನ ಲೋಟ ಮುಗಿಯುವುದು ತಡವಾಗತೊಡಗಿತು. ಒಂದೊಂದೇ ಗುಟುಕು, ನಡುವೆ ಕಿಟಕಿಯತ್ತ ನೋಟ. ಮೂರನೆಯ ವಾರ ಪೆನ್ಸಿಲ್ಲು ಕಂಡೊಡನೆ ಹೊಟ್ಟೆನೋವು, ಬಚ್ಚಲಿಗೆ ಹೋದರೆ ಕಾಲು ಗಂಟೆ. ವಿಚಿತ್ರವೆಂದರೆ, ತಿರುಗುವ ಅಕ್ಷರಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. ಮೊದಲು ಯೋಚನೆಯಿಲ್ಲದೆ ಬರೆಯುತ್ತಿದ್ದ 'ಅ'ವನ್ನೂ ಈಗ ಬಟಾಣಿ ಅರ್ಧಕ್ಕೆ ನಿಲ್ಲಿಸಿ, ಅಜ್ಜಿಯ ಮುಖ ನೋಡಿ, ಆಮೇಲೆ ತಪ್ಪು ಕಡೆಗೆ ಎಳೆಯುತ್ತಿದ್ದಳು.

"ಪೇಪರ್ ನೋಡಿ ಬರಿ. ನನ್ನ ಮುಖದಲ್ಲಿ ಅಕ್ಷರ ಇದ್ಯಾ?" ಎನ್ನುವಳು ಅಜ್ಜಿ.

ಒಂದು ಸೋಮವಾರ ಬೆಳಗ್ಗೆ ಬಟಾಣಿ ಬಲಗೈ ಎತ್ತಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಬಿಳಿ ಪಟ್ಟಿ, ಅಂಚಿಗೆ ಅಚ್ಚುಕಟ್ಟಾದ ಅಂಟುಟೇಪು.

"ಅಯ್ಯೋ, ಏನಾಯ್ತೇ?"

"ಉಳುಕಿದೆ," ಎಂದಳು ಸೊಸೆ, ಊಟದ ಡಬ್ಬಿಗೆ ಬ್ರೆಡ್ಡು ತುಂಬುತ್ತ. "ಮೆಟ್ಟಿಲ ಮೇಲೆ ಕೈ ಊರಿದಳಂತೆ. ಒಂದು ವಾರ ಬರೀಬಾರದು. ಟೀಚರಿಗೂ ಚೀಟಿ ಕೊಟ್ಟಿದೀನಿ."

ಅಜ್ಜಿ ಆ ಕೈಯನ್ನು ಮೆಲ್ಲನೆ ತನ್ನ ಮಡಿಲಿಗೆ ಎಳೆದುಕೊಂಡಳು. ಐವತ್ತು ಸಲ ಬರೆಸಿ ಬರೆಸಿ ಸೋತ ಕೈ ಉಳುಕದೆ ಏನು ಮಾಡೀತು? ಆ ವಾರವೆಲ್ಲ ಅವಳು ಮೊಮ್ಮಗಳಿಗೆ ತುತ್ತು ಮಾಡಿ ತಿನ್ನಿಸಿದಳು. ಮೊಟ್ಟೆಯ ಸಿಪ್ಪೆ ಸುಲಿದು ಕೊಟ್ಟಳು. ಶಾಲೆಯ ಚೀಲ ತಾನೇ ಹೊತ್ತಳು. ಬಟಾಣಿ ಹಾಲನ್ನು ಒಂದೇ ಉಸಿರಿಗೆ ಕುಡಿದು, ಮೇಲ್ತುಟಿಯ ಬಿಳಿ ಮೀಸೆಯೊಂದಿಗೆ ಅಪ್ಪನ ಅಂಗಡಿಗೆ ಓಡುವಳು. ಹೊಟ್ಟೆನೋವಿನ ಸುಳಿವೇ ಇರಲಿಲ್ಲ.

ಗುರುವಾರ ಚಹಾ ಕೊಡಲು ಅಜ್ಜಿ ಕೆಳಗಿಳಿದಳು. ಅಂಗಡಿಯ ಮೂಲೆಯಲ್ಲಿ, ಬಟ್ಟೆಯ ತುಂಡುಗಳ ರಾಶಿಯ ಮೇಲೆ ಕೂತು ಬಟಾಣಿ ದೊಡ್ಡ ಕತ್ತರಿಯಿಂದ ನೀಲಿ ಬಟ್ಟೆ ಕತ್ತರಿಸುತ್ತಿದ್ದಳು, ಪಟ್ಟಿ ಕಟ್ಟಿದ ಬಲಗೈಯಲ್ಲಿ. ಕತ್ತರಿ ಕಚಕಚನೆ ಸಲೀಸಾಗಿ ಓಡುತ್ತಿತ್ತು. ಬಾಯಲ್ಲಿ ಹಾಡು.

ಅಜ್ಜಿ ಲೋಟವನ್ನು ಮಗನ ಕೈಗೆ ಕೊಟ್ಟು ಮೇಲೆ ಹೋದಳು. ಸೊಸೆ ಬಂದು ಚಪ್ಪಲಿ ಬಿಡುವವರೆಗೆ ಕಾದಳು.

"ನಿನ್ನ ಮಗಳು ನಾಟಕ ಕಲಿತಿದಾಳೆ. ಅವಳ ಕೈಗೆ ಏನೂ ಆಗಿಲ್ಲ."

ಸೊಸೆ ಚೀಲ ಕೆಳಗಿಟ್ಟಳು. "ಗೊತ್ತು."

"ಗೊತ್ತಾ?"

"ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಅತ್ತೆ. ಉಳುಕಿದ ಕೈ ಯಾವುದು, ಉಳುಕದ್ದು ಯಾವುದು ಅಂತ ಮುಟ್ಟಿದ ಕೂಡಲೇ ಗೊತ್ತಾಗುತ್ತೆ. ಭಾನುವಾರ ನನ್ನ ಹತ್ತಿರ ಬಂದು 'ಅಮ್ಮ, ಕೈ ನೋಯ್ತಿದೆ ಅಂತ ನೀನು ಹೇಳಿದ್ರೆ ಅಜ್ಜಿ ನಂಬ್ತಾರೆ' ಅಂದಳು. ಕಟ್ಟಿದೆ."

"ಮಗೂಗೆ ಸುಳ್ಳು ಹೇಳೋದು ಕಲಿಸ್ತೀಯಾ?"

"ತಪ್ಪೇ. ಆದರೆ ಅವಳು ಅಷ್ಟು ಹೆದರಿದ್ದಳು. ನಿಮ್ಮ ಹತ್ತಿರ ನೇರವಾಗಿ ಹೇಳೋಕೆ ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ."

"ನಾನೇನು ರಾಕ್ಷಸಿಯಾ? ಒಂದೇಟು ಹೊಡೆದಿದೀನಾ?"

ಅಷ್ಟರಲ್ಲಿ ಮಗ ಖಾಲಿ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ. ಅಂಗಡಿಯ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ಎಂದೂ ಇಂಥ ಮಾತಿಗೆ ಬಾಯಿ ಹಾಕದವನು, "ಅಮ್ಮ," ಎಂದ. "ಬಿಟ್ಟುಬಿಡು. ನನಗೆ ಆವಾಗ ಯಾರೂ ಪಟ್ಟಿ ಕಟ್ಟಲಿಲ್ಲ."

ಅವನು ಲೋಟವನ್ನು ತೊಳೆಯುವ ತೊಟ್ಟಿಯಲ್ಲಿಟ್ಟು ಕೆಳಗೆ ಹೋದ. ಸೊಸೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಆಮೇಲೆ ನಾಲ್ಕು ದಿನ ಮನೆಯಲ್ಲಿ ಮಾತು ಕಡಿಮೆ. ಅಜ್ಜಿ ತನ್ನ ತಟ್ಟೆ ತಗೊಂಡು ಕೋಣೆಗೆ ಹೋಗಿ ಉಣ್ಣುವಳು. ಸೊಸೆ ಪಾತ್ರೆ, ಸೌಟು ಹಿಡಿದು ಅತ್ತೆಗೆ ಎರಡನೆಯ ಸಲ ಬಡಿಸಲು ಬಾಗಿಲವರೆಗೆ ಹೋಗಿ, 'ಸಾಕು' ಎಂದು ಕೇಳಿಸಿಕೊಂಡು ವಾಪಸಾಗುವಳು. ಬಟಾಣಿ ತಾನೇ ಪಟ್ಟಿ ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು.

ಮಗ ಹೇಳಿದ್ದು ಅಜ್ಜಿಗೆ ನುಂಗಲೂ ಆಗುತ್ತಿರಲಿಲ್ಲ, ಉಗುಳಲೂ ಆಗುತ್ತಿರಲಿಲ್ಲ. ಅಳತೆಪಟ್ಟಿಯಿಂದ ಅವನ ಬೆರಳ ಗೆಣ್ಣಿಗೆ ಕೊಟ್ಟ ಏಟು ನೆನಪಿತ್ತು. ಎಷ್ಟು ಸಲ ಎಂದು ನೆನಪಿರಲಿಲ್ಲ. ಆಗ ಗಂಡ ತೀರಿಹೋಗಿದ್ದ. ದಿನವೆಲ್ಲ ಪರರ ತಪ್ಪು ತಿದ್ದಿ ಮನೆಗೆ ಬಂದರೆ ಮಗನ ಪುಸ್ತಕದಲ್ಲೂ ತಿರುಗುಮುರುಗು ಅಕ್ಷರಗಳೇ. ಅವನು ಹತ್ತನೆಯ ತರಗತಿಗೆ ಓದು ಬಿಟ್ಟು ಸೋಫಾ ಕೆಲಸಕ್ಕೆ ಸೇರಿದಾಗ 'ಹಣೆಬರಹ' ಎಂದುಕೊಂಡಿದ್ದಳು. ಇವತ್ತಿಗೂ ಅಂಗಡಿಯ ಚೀಟಿಗಳನ್ನು ಸೊಸೆಯೇ ಬರೆದುಕೊಡುತ್ತಿದ್ದಳು. ಅದನ್ನು ಅಜ್ಜಿ ಸೋಮಾರಿತನ ಎಂದು ಆಡಿಕೊಂಡಿದ್ದೂ ಉಂಟು.

ಮಂಗಳವಾರ ಅವಳು ಶಾಲೆ ಬಿಡುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಟೀಚರನ್ನು ಕಂಡಳು. ಹೋದದ್ದು ತನ್ನ ಪರ ಒಂದು ತೀರ್ಪು ಸಿಗಲಿ ಎಂದೇ. ಟೀಚರು ಸೊಸೆಗಿಂತ ಚಿಕ್ಕವಳು, ಮೂಗಿನ ಮೇಲೆ ಸೀಮೆಸುಣ್ಣದ ಗುರುತು.

"ನನ್ನ ಮೊಮ್ಮಗಳು ಅಕ್ಷರ ತಿರುಗಿಸಿ ಬರೀತಾಳೆ. ನೀವು ಒಂದು ಮಾತೂ ಹೇಳಿ ಕಳಿಸಿಲ್ಲ."

"ಯಾರು ತಿರುಗಿಸಲ್ಲ ಅಂತ ಹೇಳಿ ಅಜ್ಜಿ," ಎನ್ನುತ್ತ ಟೀಚರು ಪುಸ್ತಕಗಳ ಕಟ್ಟನ್ನು ಮುಂದೆ ತಳ್ಳಿದಳು. ಅಜ್ಜಿ ಒಂದೊಂದೇ ತೆರೆದಳು. ಬೆನ್ನು ತಿರುಗಿಸಿದ ಸ, ಮಗುಚಿಕೊಂಡ ಮೂರು, ಎಡಕ್ಕೆ ಹೊರಟ ಏಳು. ಒಬ್ಬ ಹುಡುಗ ತನ್ನ ಹೆಸರನ್ನು ಪೂರ್ತಿ ಬಲದಿಂದ ಎಡಕ್ಕೆ ಬರೆದು ಕೆಳಗೆ ಹೂವಿನ ಚಿತ್ರ ಹಾಕಿದ್ದ.

"ಏಳು ವರ್ಷದವರೆಗೂ ಇದು ಮಾಮೂಲು. ಎಂಟಾದ ಮೇಲೂ ಹೀಗೇ ಇದ್ದು, ಓದೋಕೂ ಕಷ್ಟಪಟ್ಟರೆ ಆಗ ತಿಳಿದವರಿಗೆ ತೋರಿಸೋಣ. ಆವಾಗಲೂ ಅದು ಮಗುವಿನ ತಪ್ಪಲ್ಲ." ಟೀಚರು ಬಟಾಣಿಯ ಪುಸ್ತಕವನ್ನು ಕೈಗೆತ್ತಿಕೊಂಡಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಇಷ್ಟೊಂದು ಕೆಂಪು ಇದೆ. ಇದು ನನ್ನದಲ್ಲ."

"ನನ್ನದು," ಎಂದಳು ಅಜ್ಜಿ.

"ಬಹಳ ಚೆನ್ನಾಗಿ ಬರೀತೀರಿ."

ಟೀಚರು ಹಂಗಿಸಿ ಹೇಳಿದ್ದಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಅಂದು ಸಂಜೆ ಬಟಾಣಿ ಹಾಲು ಕುಡಿದು ಎಂದಿನಂತೆ ಕೆಳಗೆ ಹೊರಟಾಗ ಅಜ್ಜಿಯೂ ಹಿಂದೆಯೇ ಇಳಿದಳು. ಮಗ ಹಸಿರು ಮಕಮಲ್ಲಿನ ಥಾನು ಹಾಸಿ ಒಂಟಿ ಸೋಫಾದ ತೋಳಿಗೆ ಬಟ್ಟೆ ಕತ್ತರಿಸುತ್ತಿದ್ದ. ಅಮ್ಮನನ್ನು ನೋಡಿ ಒಂದು ಸ್ಟೂಲು ಎಳೆದಿಟ್ಟ. ಬಲತೋಳಿನ ತುಂಡು ಕತ್ತರಿಸಿಯಾದ ಮೇಲೆ, ಅಳತೆಯ ಕಾಗದವನ್ನೂ ಇಡದೆ, ಎಡತೋಳಿನದನ್ನು ಅದರ ಪ್ರತಿಬಿಂಬದಂತೆ ಕಣ್ಣಂದಾಜಿನಲ್ಲೇ ಕತ್ತರಿಸಿದ. ಎರಡನ್ನೂ ಎದುರುಬದುರು ಇಟ್ಟಾಗ ಒಂದೆಳೆ ಹೆಚ್ಚುಕಮ್ಮಿ ಇರಲಿಲ್ಲ. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಅಜ್ಜಿ," ಎಂದಳು ಬಟಾಣಿ, ಮೂರು ಕಾಲಿನ ಮೇಲೆ ನಿಂತಿದ್ದ ಮುರುಕು ಕುರ್ಚಿಯೊಂದನ್ನು ತೋರಿಸಿ. "ಇದು ಏನು?"

"ಕುರ್ಚಿ."

ಬಟಾಣಿ ಅದನ್ನು ಗರಗರನೆ ಎಳೆದು ಗೋಡೆಯತ್ತ ತಿರುಗಿಸಿದಳು. "ಈಗ?"

"ಈಗಲೂ ಕುರ್ಚಿನೇ."

ತಲೆಕೆಳಗು ಮಾಡಿದಳು. "ಈಗ?"

"ಕುರ್ಚಿ ಕಣೇ."

"ಮತ್ತೆ ಸ ಮಾತ್ರ ಯಾಕೆ ತಿರುಗಿಸಿದ್ರೆ ಸ ಅಲ್ಲ?"

ಮೂವತ್ತೊಂದು ವರ್ಷದಲ್ಲಿ ಯಾರೂ ಅಜ್ಜಿಯನ್ನು ಕೇಳದ ಪ್ರಶ್ನೆ ಅದು. "ನನಗೆ ಗೊತ್ತಿಲ್ಲ," ಎಂದಳು ಅವಳು. "ಮೊದಲು ಬರೆದವರು ಹಾಗೆ ಬರೆದರು, ಉಳಿದವರು ಒಪ್ಕೊಂಡರು. ಅಷ್ಟೇ ಇರಬೇಕು."

"ನನ್ನನ್ನ ಕೇಳಲೇ ಇಲ್ಲ," ಎಂದಳು ಬಟಾಣಿ.

ಮಗ ನಕ್ಕ. ಮಗಳ ಕೈ ಹಿಡಿದು ಮಕಮಲ್ಲಿನ ಮೇಲೆ ಇಟ್ಟ. "ಈ ಕಡೆ ಸವರು. ಹೇಗಿದೆ?"

"ನುಣ್ಣಗೆ."

"ಈಗ ಆ ಕಡೆ."

"ಥೂ, ಒರಟು. ಬಣ್ಣಾನೂ ಬೇರೆ ಆಯ್ತು!"

"ನೋಡಿದ್ಯಾ? ಕೆಲವಕ್ಕೆ ದಿಕ್ಕು ಇರಲ್ಲ. ಸ್ಪಂಜು ಹೇಗೆ ಇಟ್ಟರೂ ನಡೆಯುತ್ತೆ. ಮಕಮಲ್ಲಿಗೆ ದಿಕ್ಕು ಇದೆ. ಅಕ್ಷರ ಮಕಮಲ್ಲಿನ ಜಾತಿ. ನನಗೂ ಬಹಳ ದಿನ ಗೊತ್ತಾಗಲಿಲ್ಲ." ಅವನು ಬಟ್ಟೆಯ ಎಳೆಗಳನ್ನು ಒಂದು ಕಡೆಗೆ ಮಲಗಿಸಿ, ಬೆರಳಿನಿಂದ ದೊಡ್ಡದಾಗಿ 'ಸ' ಎಳೆದ. ಹಸಿರಿನ ಮೇಲೆ ಕಡುಹಸಿರು ಅಕ್ಷರ ಮೂಡಿತು. ಕೊಕ್ಕೆಯ ಹತ್ತಿರ ಬೆರಳು ಒಂದು ಕ್ಷಣ ನಿಂತು ಬಲಕ್ಕೆ ಹೊರಳಿತು. ಅವನು ತಲೆ ಎತ್ತಿದ. "ಹೀಗೇ ಅಲ್ವಾ ಅಮ್ಮ?"

ನಲವತ್ತು ವರ್ಷದ ಗಂಡಸು. ಆ ಒಂದು ಕ್ಷಣದ ತಡೆಯನ್ನು ಅಜ್ಜಿ ಕಂಡಿದ್ದಳು. ಕರಡು ತಿದ್ದುವವರ ಬಳಿ ತಪ್ಪಿಗೆ ಇಪ್ಪತ್ತು ಗುರುತುಗಳಿವೆ. ಸರಿಯಾಗಿದೆ ಎನ್ನಲು ಒಂದೂ ಇಲ್ಲ. ಅವಳು ಬಾಯಿಬಿಟ್ಟೇ ಹೇಳಬೇಕಾಯಿತು. "ಸರಿಯಾಗಿದೆ. ಚೆನ್ನಾಗಿದೆ."

ಬಟಾಣಿ ಅಂಗೈಯಿಂದ ಒಂದೇ ಸಲ ಸವರಿದಳು, ಅಕ್ಷರ ಮಾಯ. ಅವಳಿಗೆ ಖುಷಿಯೋ ಖುಷಿ. ಬರೆದಳು, ಅಳಿಸಿದಳು. ತಿರುಗಿತು, ಅಳಿಸಿದಳು. ಇಪ್ಪತ್ತು ಸಲವಾದರೂ ಬರೆದಿರಬೇಕು. ಎಣಿಸುವವರು ಯಾರೂ ಇರಲಿಲ್ಲ.

ಅವಳು ಆಟದಲ್ಲಿ ಮುಳುಗಿದ್ದಾಗ ಅಜ್ಜಿ ತಗ್ಗಿದ ದನಿಯಲ್ಲಿ ಕೇಳಿದಳು. "ನಾನು ನಿನಗೆ ಬಹಳ ಹೊಡೀತಿದ್ದೆನಾ?"

ಮಗ ಸೂಜಿಗೆ ದಾರ ಪೋಣಿಸುತ್ತಿದ್ದ. "ಬಿಡು. ಹಳೇ ಮಾತು."

"ನೆನಪಿದ್ಯಾ ಅಂತ ಕೇಳಿದೆ."

"ನನಗೆ ಮರೆತಿದೆ. ಕೈಗೆ ನೆನಪಿದೆ," ಎಂದ. ಅಮ್ಮನ ಮುಖ ನೋಡಿ ದನಿ ಇಳಿಸಿದ. "ನಿನಗೂ ಆಗ ಸುಸ್ತಾಗ್ತಿತ್ತು. ಅದೂ ನನಗೆ ಗೊತ್ತು."

"ಸುಸ್ತಾದವರೆಲ್ಲ ಹೊಡೀತಾರಾ? ತಪ್ಪು ಮಾಡಿದೆ ಕಣೋ." ಪರರ ತಪ್ಪನ್ನು ಆಯುಷ್ಯವೆಲ್ಲ ಹೇಳಿದ ಬಾಯಿಗೆ ಈ ಮಾತು ಸುಲಭವಾಗಿರಲಿಲ್ಲ. ಮಗ ದಾರಕ್ಕೆ ಗಂಟು ಹಾಕಿದ. ಹೊಲಿಯಬೇಕಿದ್ದ ತುಂಡಿನ ಒಂದು ತುದಿಯನ್ನು ಅಮ್ಮನ ಕೈಗೆ ಹಿಡಿಸಿದ.

ರಾತ್ರಿ ಅಜ್ಜಿ ತಟ್ಟೆಯನ್ನು ಕೋಣೆಗೆ ಒಯ್ಯಲಿಲ್ಲ. ಮೇಜಿನ ಹತ್ತಿರ ಬಂದು ಕೂತು, "ಸ್ವಲ್ಪ ಬೇಳೆ ಹಾಕು," ಎಂದಳು ಸೊಸೆಗೆ.

ಸೊಸೆ ಹಾಕಿದಳು. ಎರಡನೆಯ ಸೌಟೂ ಹಾಕಿದಳು. "ಅತ್ತೆ, ನಾನೂ ನಿಮಗೆ ಸುಳ್ಳು ಹೇಳಬಾರದಿತ್ತು."

"ಹೇಳಬಾರದಿತ್ತು," ಎಂದಳು ಅಜ್ಜಿ. ಒಂದು ತುತ್ತು ತಿಂದಳು. "ಪಟ್ಟಿ ಮಾತ್ರ ಅಚ್ಚುಕಟ್ಟಾಗಿ ಕಟ್ಟಿದ್ದೆ. ನಾನೇ ಮೋಸಹೋದೆ. ಮುಂದಿನ ಸಲ ಪಟ್ಟಿ ಬೇಡ, ಬಾಯಲ್ಲೇ ಹೇಳು. ಕರಡಿ ಕಚ್ಚಲ್ಲ."

ಸೊಸೆಗೆ ನಗು ತಡೆಯಲಾಗಲಿಲ್ಲ, ನೆತ್ತಿಗೇರಿತು. ಮಗ ಬೆನ್ನು ತಟ್ಟಿದ, ಬಟಾಣಿ ನೀರಿನ ಲೋಟ ಕೊಟ್ಟಳು.

ಹಾಗೆಂದು ಅಕ್ಷರಗಳೆಲ್ಲ ಮರುದಿನವೇ ನೆಟ್ಟಗೆ ನಿಂತವು ಎಂದಲ್ಲ. ಅಜ್ಜಿ ಈಗ ಬರೆಸುವುದು ಹತ್ತೇ ಸಲ, ಅದೂ ಬಟಾಣಿ ಪುಸ್ತಕ ತಂದರೆ. ಅವಳು ಬರೆಯುವಾಗ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಕೂರುವಳು; ಖಾಲಿ ಕೈ ತಪ್ಪು ಹುಡುಕುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಇಷ್ಟು ವರ್ಷಗಳ ಚಾಳಿ ಬಿಡುವುದು ಆರು ವರ್ಷದವಳ 'ಸ' ನೆಟ್ಟಗೆ ಮಾಡುವುದಕ್ಕಿಂತ ಕಷ್ಟ. ಎರಡು ಸಲ ಬಾಯಿ ಜಾರಿತು. ಎರಡು ಸಲವೂ ಬಟಾಣಿ, "ಅಜ್ಜಿ, ಬೆಳ್ಳುಳ್ಳಿ ನೋಡಿ," ಎಂದಳು.

ಒಂದೂವರೆ ತಿಂಗಳು ಕಳೆದಿರಬಹುದು. ಒಂದು ಸಂಜೆ ಮಗ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಅಜ್ಜಿ, ಬಟಾಣಿ ಇಬ್ಬರೇ ಅಂಗಡಿ ನೋಡಿಕೊಳ್ಳುತ್ತಿದ್ದರು. ನಡುವೆ ಒಂದು ಓದುವ ಕುರ್ಚಿ. ಬಿಟ್ಟುಹೋದ ಕಾಲಿಗೆ ಅಂಟು ಹಾಕಿ, ಹಗ್ಗ ಬಿಗಿದು, ಒಣಗಲು ಬಿಟ್ಟಿತ್ತು. ಯಾರೂ ಹೇಳದೆಯೇ ಬಟಾಣಿ ರಟ್ಟಿನ ತುಂಡೊಂದಕ್ಕೆ ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಬರೆದು ಕುರ್ಚಿಯ ಮೇಲೆ ನಿಲ್ಲಿಸಿದ್ದಳು: ಹಸಿ ಇದೆ ಕೂರಬೇಡಿ. 'ಸಿ' ಬೆನ್ನು ತಿರುಗಿಸಿತ್ತು. 'ಡಿ'ಯೂ ಅಷ್ಟೇ.

ಕುರ್ಚಿಯ ಒಡೆಯ ಬಂದ. ನಿವೃತ್ತ ಹೆಡ್‌ಮಾಸ್ಟರು, ಎತ್ತರದ ಆಳು, ಕೈಯಲ್ಲಿ ಕೊಡೆ. ಕುರ್ಚಿ ನೋಡಿದ, ರಟ್ಟು ನೋಡಿದ, ಬಗ್ಗಿ ಮತ್ತೊಮ್ಮೆ ನೋಡಿದ.

"ಯಾರಮ್ಮ ಇದನ್ನ ಬರೆದದ್ದು?"

ಬಟಾಣಿ ಅಜ್ಜಿಯ ಹಿಂದೆ ಸರಿದಳು. ಅವಳ ಬಿಸಿ ಉಸಿರು ಅಜ್ಜಿಯ ಮೊಣಕೈಗೆ ತಾಕುತ್ತಿತ್ತು.

"ನನ್ನ ಮೊಮ್ಮಗಳು."

"ಅಕ್ಷರ ತಿರುಗಿವೆಯಲ್ಲಮ್ಮ."

"ಓದೋಕೆ ಬಂತಾ ನಿಮಗೆ?"

"ಬಂತು. ಹಸಿ ಇದೆ, ಕೂರಬೇಡಿ ಅಂತ."

"ಹಾಗಾದರೆ ಕೂರಬೇಡಿ," ಎಂದಳು ಅಜ್ಜಿ. "ನಾಳೆ ಬನ್ನಿ. ಒಣಗಿರುತ್ತೆ."

ಹೆಡ್‌ಮಾಸ್ಟರು ಅವಳನ್ನೊಮ್ಮೆ, ಅವಳ ಬೆನ್ನ ಹಿಂದೆ ಇಣುಕುತ್ತಿದ್ದ ಒಂದು ಕಣ್ಣನ್ನೊಮ್ಮೆ ನೋಡಿ, ಮೀಸೆಯೊಳಗೇ ನಕ್ಕು, ಕೊಡೆ ಬಿಚ್ಚಿಕೊಂಡು ಹೊರಟ.

ಅವನು ತಿರುವು ದಾಟಿದ ಮೇಲೆ ಬಟಾಣಿ ಹೊರಬಂದು ರಟ್ಟನ್ನು ಕೈಗೆತ್ತಿಕೊಂಡಳು. "ಯಾವುದು ಅಜ್ಜಿ ತಿರುಗಿರೋದು?"

"ನೀನೇ ನೋಡು."

ಬಟಾಣಿ ನೆಲದ ಮೇಲೆ ಕೂತು, ರಟ್ಟನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿದಳು. ತುಂಬ ಹೊತ್ತು ಹಿಡಿಯಿತು. ಆಮೇಲೆ "ಓ, ಈ ಡಿ!" ಎಂದು ಕೂಗಿ, ರಬ್ಬರಿನಿಂದ ಉಜ್ಜಿ, ಸರಿಯಾಗಿ ಬರೆದು, ಕುರ್ಚಿಯ ಮೇಲೆ ಮೊದಲಿನಂತೆ ನಿಲ್ಲಿಸಿದಳು. "ಈಗ ಆಯ್ತು."

ಅಜ್ಜಿಯ ಕಣ್ಣು ಇನ್ನೂ ತಿರುಗಿಯೇ ಇದ್ದ 'ಸಿ'ಯ ಮೇಲೆ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತಿತು.

"ಆಯ್ತು," ಎಂದು ಹೇಳಿ, ಮೊಣಕಾಲು ಹಿಡಿದುಕೊಂಡು ಸ್ಟೂಲಿನಿಂದ ಎದ್ದಳು. ಸೊಸೆ ಬರುವ ಹೊತ್ತಾಗುತ್ತಿತ್ತು, ಅನ್ನಕ್ಕೆ ಇಡಬೇಕಿತ್ತು.